ಪೆನ್ ವಿಚಾರಣೆಯ ವೃತ್ತಾಂತವೂ ಜೂರಿಯ ಹಕ್ಕೂ

ಇಂಗ್ಲೆಂಡಿನಲ್ಲಿ 1670ರಲ್ಲಿ ಅಚ್ಚಾದ "ಪ್ರಜೆಗಳ ಪ್ರಾಚೀನ ನ್ಯಾಯ್ಯ ಸ್ವಾತಂತ್ರ್ಯಗಳ ಪ್ರತಿಪಾದನೆ" ಎಂಬ ಹೊತ್ತಗೆಯು, ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶಗೈದ ವಿಲಿಯಂ ಪೆನ್ನನ ವಿಚಾರಣೆಯ ವೃತ್ತಾಂತ. ಆರೋಪಿಯ ಪಕ್ಷದಿಂದಲೇ ಹೊರಟುದಾದ ಕಾರಣ ಅದರಲ್ಲಿ ಪೆನ್ನನ ವಾಗ್ವೈಭವಕ್ಕೇ ಅಗ್ರಸ್ಥಾನ. ಗ್ರಂಥದ ಜೀವವಾದರೋ ಜೂರಿಯವರ ಮಿತವಾದ ನುಡಿಯಲ್ಲಿದೆ. ಬೀದಿಯಲ್ಲಿ ಮಾತನಾಡಿದನೆಂಬಷ್ಟನ್ನು ಮಾತ್ರ ಅವರು ಮೊದಲು ಒಪ್ಪಿದರು. ಅನ್ನ, ನೀರು, ಬೆಂಕಿಗಳಿಲ್ಲದೆ ಎರಡು ರಾತ್ರಿ ಕೂಡಿಹಾಕಿದ ಮೇಲೆ ನಿರಪರಾಧಿಯೆಂದೇ ನುಡಿದರು! ತಲೆಗೆ 40 ಮಾರ್ಕು ದಂಡ ಬಿದ್ದಿತು. ಅದನ್ನು ತೆರಲೊಪ್ಪದೆ ಸೆರೆಯಲ್ಲಿದ್ದ ಬುಶೆಲ್ ಎಂಬ ಜೂರಿಯವನನ್ನು ಮುಖ್ಯ ನ್ಯಾಯಾಧೀಶ ವಾನ್ ಬಿಡುಗಡೆಗೊಳಿಸಿದನು. ಈ ತೀರ್ಪು ಜೂರಿಗೆ ಕಾನೂನನ್ನೇ ತಳ್ಳಿಹಾಕುವ ಹಕ್ಕನ್ನಿತ್ತಿತೆಂದು ಸಾರುವವರುಂಟು, ಅದು ಉತ್ಪ್ರೇಕ್ಷೆ. ಸಂಗತಿಗಳ ನಿರ್ಣಯ ಜೂರಿಯದು, ಅವರ ಮನಸ್ಸಿಗೆ ತೋರಿದ ಸಾಕ್ಷ್ಯವನ್ನು ನ್ಯಾಯಾಧೀಶನು ಅರಿಯಲಾರನು, ಆದುದರಿಂದ ನಿರ್ಣಯಕ್ಕಾಗಿ ಅವರನ್ನು ದಂಡಿಸಲಾಗದು ಎಂಬಷ್ಟೇ ವಾನನ ವಾದ.