ಗಚ್ಚಿಬೌಲಿಯ ಗರಡಿ

ಪುಲ್ಲೇಲ ಗೋಪಿಚಂದ್ ಅವರ ಕೋಚ್‌ಗಿರಿಯನ್ನು ಪದಕಗಳಿಂದಲೇ ಅಳೆಯುವುದಾದರೆ ಮಾತು ಬೇಗ ಮುಗಿಯುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೈನಾ ನೆಹ್ವಾಲ್‌ಗೆ ಕಂಚು, 2016ರ ರಿಯೋದಲ್ಲಿ ಪಿ.ವಿ. ಸಿಂಧುಗೆ ಬೆಳ್ಳಿ, 2017ರಲ್ಲಿ ಶ್ರೀಕಾಂತ್‌ಗೆ ನಾಲ್ಕು ಸೂಪರ್ ಸೀರೀಸ್ ಪ್ರಶಸ್ತಿ. ಇಷ್ಟನ್ನು ಕೊಟ್ಟ ಇನ್ನೊಬ್ಬ ಕೋಚ್ ನಮ್ಮ ಬ್ಯಾಡ್ಮಿಂಟನ್‌ನಲ್ಲಿಲ್ಲ. ಆದರೆ ಹೈದರಾಬಾದಿನ ಮಿಯಾಪುರದ ಫ್ಲ್ಯಾಟಿನಿಂದ ನಸುಕಿನಲ್ಲೇ ಹೊರಟು, ಕೊಂಡಾಪುರ ದಾಟಿ ಮಗಳನ್ನು ಗಚ್ಚಿಬೌಲಿಯ ಗೋಪಿಚಂದ್ ಅಕಾಡೆಮಿಗೆ ಬಿಟ್ಟುಬರುವ ಅಪ್ಪನ ಪ್ರಶ್ನೆ ಬೇರೆ: ಗೆಲ್ಲದಿದ್ದರೆ ಇವಳ ಗತಿಯೇನು?

ಗೋಪಿಯ ಆಟ ಪಳಗಿದ್ದು ಬೆಂಗಳೂರಿನಲ್ಲಿ, ಪ್ರಕಾಶ್ ಪಡುಕೋಣೆಯವರ ಅಕಾಡೆಮಿಯಲ್ಲಿ. ಗುರು 1980ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಶಿಷ್ಯ 2001ರಲ್ಲಿ ಗೆದ್ದರು, ಅದೂ ಮೊಣಕಾಲಿನ ಶಸ್ತ್ರಚಿಕಿತ್ಸೆಗಳ ನಂತರ. ತಮ್ಮ ಅಕಾಡೆಮಿ ಕಟ್ಟಲು ಮನೆಯನ್ನೇ ಅಡವಿಟ್ಟರು.

ಅವರ ಕೋಚಿಂಗಿನ ಬಗೆ ತಿಳಿಯಲು ಸಿಂಧು ಹೇಳಿಕೊಂಡಿರುವ ಒಂದು ಪ್ರಸಂಗ ಸಾಕು. ಅಂಕಣದಲ್ಲಿ ಬಾಯಿಬಿಡದ, ಮೆದು ಸ್ವಭಾವದ ಹುಡುಗಿ. ಎಲ್ಲ ಆಟಗಾರರ, ಕೋಚ್‌ಗಳ ನಡುವೆ ಅವಳನ್ನು ನಿಲ್ಲಿಸಿದ ಗೋಪಿ, ಗಟ್ಟಿಯಾಗಿ ಕೂಗುವವರೆಗೆ ರ‍್ಯಾಕೆಟ್ ಮುಟ್ಟಕೂಡದೆಂದರು. ಅವಳು ಅತ್ತಳು, ಕಡೆಗೆ ಕೂಗಿದಳು. ರಿಯೋದಲ್ಲಿ ಕೇಳಿಸಿದ್ದು ಅದೇ ಕೂಗು. ಅವಳ ಹೊಡೆತಗಳ ಕೊರತೆಗಿಂತ ಸಂಕೋಚವೇ ಎದುರಾಳಿಗೆ ನೆರವಾಗುತ್ತಿದೆ ಎಂದು ಕಂಡುಕೊಂಡ ಆ ಕಣ್ಣು ದೊಡ್ಡದು. ಆದರೂ ಅಳಿಸಿ ಕಲಿಸುವ ಆ ದಾರಿ ಎಲ್ಲ ಮಕ್ಕಳಿಗೂ ಹೊಂದುತ್ತದೆಂದು ನನಗನ್ನಿಸುವುದಿಲ್ಲ.

ಇಂಥ ಗಮನವನ್ನು ಎಷ್ಟು ಜನರಿಗೆ ಹಂಚಲಾದೀತು? 2014ರಲ್ಲಿ ಸೈನಾ ಬೆಂಗಳೂರಿಗೆ, ಕೋಚ್ ವಿಮಲ್ ಕುಮಾರ್ ಬಳಿಗೆ ಹೋದರು; ಮರುವರ್ಷವೇ ವಿಶ್ವದ ಒಂದನೇ ಸ್ಥಾನಕ್ಕೇರಿದರು. 2017ರಲ್ಲಿ ಮರಳಿದರು, ನಿಜ. ಆದರೆ ರಾಷ್ಟ್ರೀಯ ಮುಖ್ಯ ಕೋಚ್ ಮತ್ತು ಅಕಾಡೆಮಿಯ ಒಡೆಯ ಎರಡೂ ಗೋಪಿ ಒಬ್ಬರೇ ಆಗಿರಬಾರದಿತ್ತು. ಅವರ ಪ್ರಾಮಾಣಿಕತೆಯ ಮೇಲೆ ನನಗೆ ಅನುಮಾನವಿಲ್ಲ. ತಪ್ಪು ಆ ಏರ್ಪಾಡಿನದು.

ಏರ್ಪಾಡು ಬೇರೆಯಾಗಿರಬಹುದು ಎಂಬುದಕ್ಕೆ ಒಂದು ಉದಾಹರಣೆಯಿದೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಜಾನ್ ವುಡನ್ ಎಂಬ ಕೋಚ್ ಇದ್ದರು. ಮೊದಲು ಇಂಗ್ಲಿಷ್ ಮೇಷ್ಟರಾಗಿದ್ದವರು. ಕಾಲಲ್ಲಿ ಬೊಬ್ಬೆಯೇಳದಂತೆ ಕಾಲುಚೀಲ ಹಾಕಿಕೊಳ್ಳುವುದನ್ನೇ ಮೊದಲ ಪಾಠವಾಗಿ ಕಲಿಸಿದವರು. 1964ರಿಂದ 1975ರೊಳಗೆ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಗೋಪಿಯ ಪಟ್ಟು ಅವರದಕ್ಕಿಂತ ಕಡಿಮೆಯದಲ್ಲ. ಆದರೆ ವುಡನ್ನರ ಹುಡುಗರು ಆಡುತ್ತಿದ್ದುದೇ ವಿದ್ಯಾರ್ಥಿಗಳಾಗಿ. ಆಟ ಕೈಕೊಟ್ಟರೂ ಓದು ಜೊತೆಗಿತ್ತು. ನಮ್ಮಲ್ಲಿ ಹದಿನಾರರ ಹುಡುಗ ರ‍್ಯಾಕೆಟ್ ಹಿಡಿದರೆ ಕಾಲೇಜು ಬಿಟ್ಟಂತೆಯೇ.

ಮನೆಯಲ್ಲಿ ಹಣವಿಲ್ಲದಿದ್ದರೆ ಮಕ್ಕಳನ್ನು ಆಟಕ್ಕೆ ಹಾಕಬೇಡಿ ಎಂದು 2025ರಲ್ಲಿ ಗೋಪಿಯೇ ಪೋಷಕರಿಗೆ ಹೇಳಿದರು. ಅನೇಕರು ಸಿಟ್ಟಾದರು. ಸೋತವರನ್ನೂ ಹತ್ತಿರದಿಂದ ಕಂಡ ಕೋಚ್‌ನ ಸಂಕಟ ನನಗೆ ಅದರಲ್ಲಿ ಕೇಳಿಸಿತು. ಆದರೆ ಅವರಂಥವರು ಎಚ್ಚರಿಸಿ ಸುಮ್ಮನಾಗಬಾರದು. ಹೈದರಾಬಾದ್ ವಿಶ್ವವಿದ್ಯಾಲಯವೂ ಅದೇ ಗಚ್ಚಿಬೌಲಿಯಲ್ಲಿದೆ. ಬೆಳಿಗ್ಗೆ ಅಂಕಣ, ಹಗಲು ತರಗತಿ, ಟೂರ್ನಿ ಮುಗಿಸಿ ಬಂದ ಮೇಲೆ ಪರೀಕ್ಷೆ: ಇಂಥ ಏರ್ಪಾಡಿಗೆ ಗೋಪಿಚಂದ್ ಪಟ್ಟು ಹಿಡಿದರೆ ಆಗುವುದಿಲ್ಲ ಎನ್ನುವ ಧೈರ್ಯ ಈ ಊರಿನಲ್ಲಿ ಯಾರಿಗಿದೆ?