ರೆಡ್‌ಮಿ ನೋಟ್ 4: ಮೈ ಗಟ್ಟಿ, ಆಯುಸ್ಸು ಗಿಡ್ಡ

2017ರ ಜನವರಿಯಲ್ಲಿ ಶಿಯೋಮಿ ಕಂಪನಿ ರೆಡ್‌ಮಿ ನೋಟ್ 4 ಫೋನನ್ನು ಭಾರತಕ್ಕೆ ತಂದಾಗ ಸ್ಪೆಸಿಫಿಕೇಷನ್ ಪಟ್ಟಿ ಓದುವವರು ಮೂಗು ಮುರಿದಿದ್ದರು. ಅದಕ್ಕೂ ಮುಂಚಿನ ನೋಟ್ 3ರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 650 ಚಿಪ್ ಇತ್ತು, ಹೊಸದರಲ್ಲಿ 625. ವೇಗದ ಪರೀಕ್ಷೆಗಳಲ್ಲಿ ಹಳೆಯದೇ ಮುಂದಿತ್ತು.

ಬಳಸುತ್ತಾ ಹೋದಂತೆ ಲೆಕ್ಕ ತಿರುಗಿತು. 625 ತಯಾರಾದದ್ದು 14 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ, 650 ಇನ್ನೂ 28ರಲ್ಲೇ ಇತ್ತು. ಹಾಗಾಗಿ ಹೊಸ ಚಿಪ್ ಬಿಸಿಯಾಗುವುದೂ ಕಡಿಮೆ, ಬ್ಯಾಟರಿ ಹೀರುವುದೂ ಕಡಿಮೆ. ಅದಕ್ಕೆ 4100 ಎಂಎಎಚ್ ಬ್ಯಾಟರಿ ಜೊತೆಯಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ನೀರಿನಂತೆ ಹರಿಯತೊಡಗಿದ್ದ ಕಾಲ ಅದು. ಬಸ್ಸಿನಲ್ಲಿ ಕೂತು ಸಿನಿಮಾ ನೋಡುವವರಿಗೂ ಮ್ಯಾಪ್ ಹಾಕಿಕೊಂಡು ಬೀದಿ ಸುತ್ತುವ ಡೆಲಿವರಿ ಹುಡುಗರಿಗೂ ಬೇಕಿದ್ದದ್ದು ಸಂಜೆವರೆಗೆ ಚಾರ್ಜ್ ನಿಲ್ಲುವ ಫೋನು.

9,999 ರೂಪಾಯಿಯ 2 ಜಿಬಿ ರ‍್ಯಾಮ್ ಮಾದರಿ ಮಾತ್ರ ಉಳಿತಾಯದ ಹೆಸರಿನ ದಂಡ. ವಾಟ್ಸ್‌ಆ್ಯಪ್, ಬ್ಯಾಂಕಿನ ಆ್ಯಪ್, ಬ್ರೌಸರ್ ಒಟ್ಟಿಗೆ ತೆರೆದರೆ ಅದು ಹ್ಯಾಂಗ್. 12,999ರ 4 ಜಿಬಿ ಮಾದರಿ ಬಹುಕಾಲ ದುಡಿಯಿತು. ಎರಡನೇ ಸಿಮ್ಮಿಗೂ ಮೆಮೊರಿ ಕಾರ್ಡಿಗೂ ಒಂದೇ ಜಾಗ ಎಂಬುದು ಇನ್ನೊಂದು ತಕರಾರು. ಹಳೆಯ ನಂಬರಿನ ಜೊತೆಗೆ ಜಿಯೊ ಸಿಮ್ಮನ್ನೂ ಹಾಕಿಕೊಂಡವರು ಕಾರ್ಡಿಗೆ ಜಾಗವಿಲ್ಲದೆ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸುತ್ತಲೇ ಕಾಲ ಕಳೆಯಬೇಕಾಯಿತು.

ರಿಪೇರಿಯ ವಿಷಯದಲ್ಲಿ ಈ ಫೋನು ಉದಾರಿ. ಚಾರ್ಜಿಂಗ್ ಪಿನ್ ಸಡಿಲವಾದರೆ ಇಡೀ ಮದರ್‌ಬೋರ್ಡಿಗೆ ಕೈ ಹಾಕಬೇಕಿಲ್ಲ. ಕೆಳಗಿನ ಪುಟ್ಟ ಬೋರ್ಡನ್ನಷ್ಟೇ ಬದಲಿಸಿದರೆ ಸಾಕು. ಪರದೆ ಒಡೆದರೂ ಚಿಂತೆಯಿರಲಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಬಿಡಿಭಾಗದ ಪೇಟೆಗಳಲ್ಲಿ ಕಾಂಬೋ ಎಂದರೆ ಗಾಜು, ಟಚ್, ಡಿಸ್‌ಪ್ಲೇ ಮೂರೂ ಸೇರಿದ ಬಿಡಿಭಾಗ. ಬಹಳ ಜನ ಕೊಂಡ ಈ ಫೋನಿಗೆ ಅದು ಸಿಗದೇ ಇರುವ ಪ್ರಶ್ನೆಯೇ ಇರಲಿಲ್ಲ. ಬ್ಯಾಟರಿ ಬದಲಿಸುವಾಗ ಮಾತ್ರ ಎಚ್ಚರ ಬೇಕು. ಬೆರಳಚ್ಚಿನ ಸೆನ್ಸರ್ ಇರುವುದು ಲೋಹದ ಹಿಂಬದಿ ಮುಚ್ಚಳದಲ್ಲಿ. ಅದರಿಂದ ಬೋರ್ಡಿಗೆ ತೆಳ್ಳನೆಯ ಪಟ್ಟಿಯೊಂದು ಹೋಗುತ್ತದೆ. ಅವಸರದಲ್ಲಿ ಮುಚ್ಚಳ ಎಳೆದರೆ ಪಟ್ಟಿ ಹರಿದು, ಹೊಸ ಬ್ಯಾಟರಿ ಬಂದ ದಿನವೇ ಬೆರಳಚ್ಚು ಕೈಕೊಡುತ್ತದೆ.

ಇಂಥ ಗಟ್ಟಿ ಫೋನಿಗೆ ಗ್ರಹಣ ಹಿಡಿದದ್ದು ಸಾಫ್ಟ್‌ವೇರಿನಿಂದ. ಆಂಡ್ರಾಯ್ಡ್ 6ರಲ್ಲಿ ಬಂದದ್ದು 7ಕ್ಕೆ ಏರಿ ಅಲ್ಲೇ ನಿಂತಿತು. ಅದರ ಮೇಲಿನ ಶಿಯೋಮಿಯ ಎಂಐಯುಐ ಹೊದಿಕೆ ಹೊಸ ಬಣ್ಣ ಬಳಿದುಕೊಳ್ಳುತ್ತಾ ಹೋದರೂ ಅಡಿಪಾಯ ಹಳೆಯದೇ. ಚಿಪ್ಪಿಗೆ ಶಕ್ತಿ ಸಾಲದು ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ, ಅದೇ 625 ಚಿಪ್ ಹಾಕಿ 14,999 ರೂಪಾಯಿಗೆ ಎಂಐ ಎ1 ಮಾರಿತು. ಗೂಗಲ್‌ನ ಆಂಡ್ರಾಯ್ಡ್ ಒನ್ ಯೋಜನೆಯ ಆ ಫೋನಿಗೆ ಆಂಡ್ರಾಯ್ಡ್ 9ರವರೆಗೂ ಅಪ್‌ಡೇಟ್ ಸಿಕ್ಕಿತು. ನೋಟ್ 4ಕ್ಕೆ ಕಡಿಮೆಯಾದದ್ದು ಶಕ್ತಿಯಲ್ಲ, ಕಂಪನಿಯ ಮನಸ್ಸು.

ಜಾಹೀರಾತಿನ ಕಾಟ ಬೇರೆ. ಹಾರ್ಡ್‌ವೇರಿನಿಂದ ಶೇ 5ಕ್ಕಿಂತ ಹೆಚ್ಚು ನಿವ್ವಳ ಲಾಭ ಇಟ್ಟುಕೊಳ್ಳುವುದಿಲ್ಲ ಎಂದು ಶಿಯೋಮಿ 2018ರಲ್ಲಿ ಘೋಷಿಸಿತು. ಉಳಿದ ಸಂಪಾದನೆಗೆ ದಾರಿ ಬೇಕಲ್ಲ? ಫೋನಿನ ಜೊತೆಗೇ ಬರುವ ಆ್ಯಪ್‌ಗಳಲ್ಲಿ ಜಾಹೀರಾತು ಇಣುಕತೊಡಗಿತು. ಕೊಂಡಾಗ ಇಲ್ಲದ ಬೆಲೆಯನ್ನು ಬಳಕೆದಾರ ದಿನವೂ ಸ್ವಲ್ಪ ಸ್ವಲ್ಪ ತೆತ್ತ.

ಹಟವಾದಿಗಳು ಕಂಪನಿಯ ಸಾಫ್ಟ್‌ವೇರ್ ಕಿತ್ತು, ಲಿನೇಜ್ ಓಎಸ್ ಎಂಬ ಬೇರೆ ಆಂಡ್ರಾಯ್ಡ್ ಹಾಕಿ ಫೋನಿಗೆ ಮರುಜೀವ ಕೊಟ್ಟರು. ಆದರೆ ಅದಕ್ಕಾಗಿ ಬೂಟ್‌ಲೋಡರ್ ಎಂಬ ಬೀಗ ತೆರೆದ ಫೋನನ್ನು ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹಣ ಕಳಿಸಲು ಬಾರದ ಫೋನನ್ನು ಇಟ್ಟುಕೊಂಡು ಮಾಡುವುದೇನು?

ಈಗ ಗಾಳಿ ಬದಲಾಗಿದೆ. 2024ರ ಅಕ್ಟೋಬರ್‌ನಲ್ಲಿ 18,999 ರೂಪಾಯಿಗೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷಗಳ ಭದ್ರತಾ ಅಪ್‌ಡೇಟಿನ ಭರವಸೆ ಇದೆ. ಇದೇ ದರ್ಜೆಯ ಫೋನು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮುನ್ನ, ಅಪ್‌ಡೇಟ್ ಯಾವ ಇಸವಿಯವರೆಗೆ ಬರುತ್ತದೆ ಎಂದು ಕೇಳಲಿ.