ಶಾಪಾಶಯದ ಹುಳು: ಹೊಯ್ಸಳ ನಾಡಿನ ಶಾಸನಗಳಲ್ಲಿ ಒಂದು ನಿಂದೆಯ ನೆಲೆ

ಶಾಸನಗಳ ಅಧ್ಯಯನದಲ್ಲಿ ದಾನಿಯ ವಂಶಾವಳಿ, ಬಿರುದಾವಳಿ, ತಿಥಿವಾರ, ದತ್ತಿಭೂಮಿಯ ಎಲ್ಲೆ ಇವುಗಳಿಗೆ ಸಂದ ಗಮನ ಕೊನೆಯ ಸಾಲುಗಳಿಗೆ ಸಂದಿಲ್ಲ. ಬಿ.ಎಲ್. ರೈಸ್ ಅವರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಹೊರತಂದರು. ಅದರ ಇಂಗ್ಲಿಷ್ ಅನುವಾದದಲ್ಲಿ ಅನೇಕ ಕಡೆ ಅಂತ್ಯಶ್ಲೋಕಗಳನ್ನು 'ಎಂದಿನವು' ಎಂಬರ್ಥದ ಕಿರುಟಿಪ್ಪಣಿಯಲ್ಲಿ ಮುಗಿಸಲಾಗಿದೆ. ಸಾವಿರಾರು ಕಲ್ಲುಗಳನ್ನು ಓದಬೇಕಾಗಿದ್ದ ಅವರಿಗೆ ಅದು ಅನಿವಾರ್ಯವಾಗಿದ್ದಿರಬಹುದು. ಅವರ ಅನಂತರದವರು ಅದನ್ನೇ ಒಂದು ವಿಮರ್ಶಾತೀರ್ಮಾನವೆಂಬಂತೆ ಸ್ವೀಕರಿಸಿದ್ದು ಮಾತ್ರ ಅನಿವಾರ್ಯವಾಗಿರಲಿಲ್ಲ. ಎಂದಿನದು ಎಂಬ ಕಾರಣಕ್ಕೆ ಕೈಬಿಟ್ಟ ಆ ಸಾಲುಗಳಲ್ಲಿ ಕನ್ನಡ ನಾಡು ಶತಮಾನಗಳ ಕಾಲ ಅಧಿಕೃತವಾಗಿ ಬಳಸಿದ ಒಂದು ಬೈಗುಳವಿದೆ.

ತಾನು ಕೊಟ್ಟ ಭೂಮಿಯನ್ನಾಗಲಿ ಪರರು ಕೊಟ್ಟ ಭೂಮಿಯನ್ನಾಗಲಿ ಅಪಹರಿಸಿದವನು 60,000 ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುತ್ತಾನೆ ಎಂಬುದು ಆ ಸಂಸ್ಕೃತ ಶ್ಲೋಕದ ತಾತ್ಪರ್ಯ. ಇದು ಹೊಯ್ಸಳರ ಸೃಷ್ಟಿಯಲ್ಲ. ಗುಪ್ತರ ಕಾಲದ ತಾಮ್ರಪಟಗಳಿಂದಲೂ ವ್ಯಾಸರ ಹೆಸರಿನಲ್ಲಿ ಇಂತಹ ಶ್ಲೋಕಗಳು ಹರಿದುಬಂದಿವೆ. ಅಪಹಾರಿಯು ನರಕದಲ್ಲಿ ಬೇಯುತ್ತಾನೆ ಎಂಬ ಪಾಠವೂ ಉಂಟು. ಕನ್ನಡ ನಾಡಿನ ದಾನಶಾಸನಗಳಲ್ಲಿ ಹೆಚ್ಚು ಬೇರೂರಿದ್ದು ಹುಳುವಿನ ಪಾಠ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಬೇಲೂರು, 1133ರ ಪಾರ್ಶ್ವನಾಥ ಬಸದಿಯಿರುವ ಹಳೇಬೀಡು, ಹದಿಮೂರನೆಯ ಶತಮಾನದ ಈಶ್ವರ ದೇವಾಲಯವೂ ಸಹಸ್ರಕೂಟ ಜಿನಾಲಯವೂ ಇರುವ ಅರಸೀಕೆರೆ, ಈ ಮೂರೂ ತಾಣಗಳ ಪರಿಸರದಲ್ಲಿ ವೈಷ್ಣವ, ಜೈನ, ಶೈವ ದತ್ತಿಗಳು ಒತ್ತೊತ್ತಾಗಿವೆ. ಮಂಗಳಶ್ಲೋಕದಲ್ಲಿ ಬೇರೆ ಬೇರೆ ದೇವರನ್ನು ಸ್ತುತಿಸುವ ಮತಗಳು ಶಾಪದ ಮಾತಿಗೆ ಬಂದಾಗ ಒಂದೇ ಹುಳುವನ್ನು ಆಶ್ರಯಿಸಿವೆ.

ಈ ಕ್ರಿಮಿಯೇ ಕನ್ನಡದ 'ಹುಳು' ಎಂಬ ಬೈಗುಳಕ್ಕೆ ಮೂಲವೆಂದು ಹೇಳಿಬಿಡುವುದು ಸುಲಭ. ಆದರೆ ಭಾಷೆಯ ಸಾಕ್ಷ್ಯ ಅದಕ್ಕೆ ಒಪ್ಪುವುದಿಲ್ಲ. ಹುಳು ಎಂಬುದು ಹಳಗನ್ನಡದ ಪುೞು. ತಮಿಳು, ಮಲೆಯಾಳಗಳಲ್ಲಿ ಇದರ ಸೋದರರೂಪಗಳು ಇಂದಿಗೂ ೞಕಾರವನ್ನು ಉಳಿಸಿಕೊಂಡಿವೆ. ಒಳಗಿನಿಂದ ತಿಂದುಹಾಕುವುದು ಈ ದೇಶ್ಯ ಪದದ ಪ್ರಧಾನ ಧ್ವನಿ. ಹುಳುಕು ಹಲ್ಲು, ಇನ್ನೊಬ್ಬರ ಹುಳುಕು ಎಂಬ ಪ್ರಯೋಗಗಳು ಅಲ್ಲಿಂದ ಬಂದವು. ಅರ್ಥವ್ಯಾಪ್ತಿಯೂ ದೊಡ್ಡದು: ರೇಷ್ಮೆಹುಳು, ಮಿಂಚುಹುಳು, ಎರೆಹುಳುಗಳಲ್ಲದೆ, ಹೆಸರೆತ್ತಲು ಅಂಜುವ ಹಳ್ಳಿಗರ ಬಾಯಲ್ಲಿ ಹಾವು ಕೂಡ 'ಹುಳ'ವೇ. 'ನಿನ್ನ ಬಾಯಿಗೆ ಹುಳ ಬೀಳ' ಎಂಬ ಗ್ರಾಮೀಣ ಶಾಪವನ್ನು ಶಾಸನದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಹುಳು ಮನುಷ್ಯನ ಮೇಲೆ ಬೀಳುತ್ತದೆ, ಅದೂ ಈ ಜನ್ಮದಲ್ಲಿ, ಸುಳ್ಳಾಡಿದ ಬಾಯಿಗೇ. ಶಾಸನದಲ್ಲಿ ಮನುಷ್ಯನೇ ಹುಳುವಾಗುತ್ತಾನೆ, ಮುಂದಣ ಜನ್ಮಗಳಲ್ಲಿ. ಒಂದು ಕೊಳೆತ ಗಾಯವನ್ನು ಕಂಡವರ ಮಾತು. ಇನ್ನೊಂದು ಕರ್ಮಸಿದ್ಧಾಂತವನ್ನು ಬಲ್ಲವರ ಮಾತು. 'ಕ್ಷುದ್ರ ಕ್ರಿಮಿ' ಎಂಬ ಶಿಷ್ಟರ ಬೈಗುಳ ಎರಡನೆಯದಕ್ಕೆ ಸಮೀಪದ್ದು.

ಇಲ್ಲಿಯೇ ಇನ್ನೊಂದು ಗೊಂದಲವನ್ನೂ ನಿವಾರಿಸಬೇಕು. 'ಹುಲುಮಾನವ' ಎಂಬುದನ್ನು ಹುಳುವಿಗೆ ತಳುಕುಹಾಕಿ 'ಹುಳುಮಾನವ' ಎಂದು ಬರೆಯುವವರುಂಟು. ಈ ಪದದಲ್ಲಿರುವುದು ಹುಳುವಲ್ಲ, ಹುಲ್ಲು. ಹುಲ್ಲಿನಿಂದ ಅಲ್ಪಾರ್ಥಕ್ಕೆ ಬಂದ 'ಪುಲು' ಎಂಬ ರೂಪವೇ ಇಲ್ಲಿನ ಪೂರ್ವಪದ. ಕಾಲಿಗೆ ಸಿಕ್ಕುವ ಅಲ್ಪತ್ವ ಹುಲ್ಲಿನದು, ಹೇಸಿಗೆ ಹುಳುವಿನದು. ನಿಂದೆಯ ಬಗೆಯೇ ಬೇರೆ. ಕ್ರಿಮಿಗಾದರೂ ಎಲ್ಲೆಡೆ ಹೇಸಿಗೆಯೇ ಗಂಟುಬಿದ್ದಿಲ್ಲ. ಅದರ ಪಾರಸಿ ಸೋದರಪದದಿಂದ, ಕೀಟದಿಂದ ತೆಗೆದ ಕೆಂಪು ಬಣ್ಣಕ್ಕೆ ಹೆಸರು ಬಂದು, ನಮ್ಮ ಜವಳಿ ಅಂಗಡಿಗಳ 'ಕಿರಮಂಜಿ'ಯಾಗಿದೆ.

ಶಾಸನದ ನಿಂದೆಯಲ್ಲಿ ಹೆಚ್ಚು ವಿಚಾರಾರ್ಹವಾದುದು ಅದರ ಗುರಿ. ದತ್ತಿಭೂಮಿಯನ್ನು ಕಿತ್ತುಕೊಳ್ಳಬಲ್ಲವರು ಯಾರು? ಮುಂದೆ ಬರುವ ಅರಸ, ಅವನ ಅಧಿಕಾರಿ, ದಾನಿಯ ವಾರಸುದಾರ, ಊರಿನ ಪ್ರಬಲ. ಬಡ ಒಕ್ಕಲಿಗೆ ಅದು ಸಾಧ್ಯವಿರಲಿಲ್ಲ. ಅಂದರೆ ಶಿಕ್ಷಿಸಲು ಬೇರೆ ಅಧಿಕಾರವೇ ಇಲ್ಲದ ಎತ್ತರದಲ್ಲಿರುವವನಿಗೆ ಈ ಬೈಗುಳ. 'ತಾನು ಕೊಟ್ಟದ್ದಾಗಲಿ' ಎಂಬ ಮೊದಲ ಮಾತಿನಿಂದ ದಾನಿಯೂ ಇದರ ವ್ಯಾಪ್ತಿಗೆ ಬರುತ್ತಾನೆ. ಹಲವು ಸಾಲುಗಳ ಬಿರುದುಗಳಿಂದ ಹೊಗಳಿಸಿಕೊಂಡ ಪ್ರಭುವು ಅದೇ ಕಲ್ಲಿನ ಬುಡದಲ್ಲಿ, ಮಾತಿಗೆ ತಪ್ಪಿದರೆ ತಾನೂ ಮಲದ ಹುಳುವಾಗುವೆನೆಂದು ಒಪ್ಪಿ ಕೆತ್ತಿಸಿದ್ದಾನೆ. ಪ್ರಶಸ್ತಿಭಾಗವನ್ನು ಕಾವ್ಯವೆಂದು ವಿಶ್ಲೇಷಿಸಿ, ಶಾಪಭಾಗವನ್ನು ರೂಢಿಯೆಂದು ತಳ್ಳುವ ನಮ್ಮ ವಿಮರ್ಶೆ ಶಾಸನವನ್ನು ಅರ್ಧ ಮಾತ್ರ ಓದಿದಂತಾಗಿದೆ. ಬಿರುದುಗಳೂ ಅಷ್ಟೇ ರೂಢಿಯವಲ್ಲವೇ?

ಇಂದಿನ ಬಳಕೆಯಲ್ಲಿ ಈ ದಿಕ್ಕು ತಿರುಗಿದೆ. 'ಅವನೊಂದು ಹುಳ' ಎಂದು ಹೇಳುವವನು ಸಾಮಾನ್ಯವಾಗಿ ಮೇಲಿನವನು, ಹೇಳಿಸಿಕೊಳ್ಳುವವನು ಕೆಳಗಿನವನು. ಪದ ಅದೇ ಆದರೂ ಕೆಲಸ ವಿರುದ್ಧವಾದದ್ದು. ಶಾಪಾಶಯವನ್ನು ಏಕಪಕ್ಷೀಯವಾಗಿ ವೈಭವೀಕರಿಸುವುದೂ ಸಲ್ಲದು. ಹುಟ್ಟಿನಲ್ಲಿ ಮೇಲುಕೀಳಿದೆ ಎಂಬ ನಂಬಿಕೆಯನ್ನೇ ಆಧರಿಸಿ ಅದು ಅರಸನನ್ನು ಹೆದರಿಸುತ್ತದೆ. ಆ ನಂಬಿಕೆಯ ಭಾರವನ್ನು ದಿನವೂ ಹೊತ್ತವರು ಅರಸರಲ್ಲ.

ಸಂಪಾದಕರು ಮಾಡಬಹುದಾದ ಕೆಲಸ ಚಿಕ್ಕದು. ಶ್ಲೋಕ ಒಂದೇ ಆದರೂ ಕಲ್ಲಿನ ಬರಹ ಒಂದೇ ಅಲ್ಲ. ಕೃಮಿ ಎಂದಿರಬೇಕಾದಲ್ಲಿ ಕ್ರಿಮಿ ಎಂದು ಕೆತ್ತಿದವನು ಕನ್ನಡಿಗರ ನಾಲಗೆಯನ್ನು ದಾಖಲಿಸಿದ್ದಾನೆ. ಕೆಲವೆಡೆ ಸಂಸ್ಕೃತ ಶ್ಲೋಕದ ಜೊತೆಗೆ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ಹೇಳುವ ಕನ್ನಡ ವಾಕ್ಯಗಳೂ ಬರುತ್ತವೆ. ಯಾವ ಕಲ್ಲಿನಲ್ಲಿ ಹುಳು ಮಾತ್ರ ಇದೆ, ಯಾವುದರಲ್ಲಿ ಕವಿಲೆಯೂ ಇದೆ, ಯಾವುದರಲ್ಲಿ ಎರಡೂ ಇಲ್ಲ ಎಂಬುದನ್ನು ಈ ಮೂರು ಊರುಗಳ ಮಟ್ಟಿಗಾದರೂ ಪದಸೂಚಿಯಲ್ಲಿ ಸೇರಿಸಿದರೆ, ಯಾವ ದಾನಿ ಯಾರಿಗೆ ಅಂಜಿದ್ದನೆಂಬುದನ್ನು ಕೇಳಲು ದಾರಿಯಾಗುತ್ತದೆ.